ಕೋವಿ ಮತ್ತು ಮನೆಯ ಮಕ್ಕಳು

ಚುನಾವಣೆ ಘೋಷಣೆಯಾದೊಡನೆ ಪರವಾನಿಗೆಯ ಕೋವಿಗಳನ್ನು ಠಾಣೆಯಲ್ಲಿ ಠೇವಣಿ ಇಡಬೇಕೆಂಬ ಆದೇಶ ಬರುತ್ತದೆ. ಹಂದಿ, ಮಂಗಗಳಿಂದ ಬೆಳೆ ಕಾಯುವುದು ಹೇಗೆಂಬ ಕೃಷಿಕರ ಅಳಲು ಹಟ್ಟಿಯಂಗಡಿಯಂತಹ ಊರುಗಳಲ್ಲಿ ನ್ಯಾಯವಾದುದೇ. ಆದರೆ ಉಳಿದ ದಿನಗಳಲ್ಲಿ ಆ ಕೋವಿ ಮನೆಯೊಳಗೆ ಎಲ್ಲಿರುತ್ತದೆ? ಇದನ್ನು ಕೇಳುವವರು ವಿರಳ.

2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ, ಪರವಾನಿಗೆ ಕೋರುವವನು ಆಯುಧವನ್ನು ಸುರಕ್ಷಿತವಾಗಿ ಇರಿಸುವೆನೆಂದು ಮುಚ್ಚಳಿಕೆ ಬರೆದುಕೊಡಬೇಕು. 21 ವರ್ಷ ತುಂಬದವರು ಕೋವಿ ಹೊಂದುವಂತಿಲ್ಲವೆನ್ನುತ್ತದೆ 1959ರ ಕಾಯ್ದೆ. ಹೀಗಿರುವಾಗ, ತುಂಬಿದ ಕೋವಿಯನ್ನು ಬಾಗಿಲ ಮೂಲೆಗೆ ಒರಗಿಸಿಡುವುದು ಎಂತಹ ಎಚ್ಚರ? ಗುಂಡು ತೆಗೆದು ಖಾಲಿಯೆಂದು ಕಣ್ಣಾರೆ ನೋಡಿ, ಕೋವಿಯನ್ನೊಂದು ಕಪಾಟಿನಲ್ಲಿ, ತೋಟೆಗಳನ್ನು ಇನ್ನೊಂದರಲ್ಲಿ ಬೀಗ ಹಾಕಿಡಬೇಕು. ಬೀಗದ ಕೈ ಮಕ್ಕಳಿಗೆ ಎಟುಕಬಾರದು. ಕಪಾಟಿನ ಮೇಲಿಟ್ಟದ್ದು ಮಗುವಿಗೆ ಕಾಣದೆಂಬುದು ಹಿರಿಯರ ಭ್ರಮೆ. ಕಡಿಮೆ ಶಕ್ತಿಯ ಏರ್‌ಗನ್‌ಗೆ ಪರವಾನಿಗೆ ಬೇಡವೆಂದು ಅದನ್ನು ಆಟಿಕೆಯಂತೆ ಬಿಟ್ಟಿಡುವವರೂ ಇದ್ದಾರೆ. ಕಣ್ಣು ಹೋಗಲು ಅದರದೊಂದು ಗುಂಡು ಸಾಕು.

2022ರ ಮೇಯಲ್ಲಿ ಪೊನ್ನಂಪೇಟೆಯ ಬಜರಂಗದಳ ಶಿಬಿರದಲ್ಲಿ ಏರ್‌ಗನ್ ತರಬೇತಿ ನಡೆದಾಗ ನಾಡಿನಾದ್ಯಂತ ಆಕ್ಷೇಪ ಕೇಳಿಬಂತು. ಯುವಕರ ಕೈಗೆ ಆಯುಧ ಕೊಡುವುದನ್ನು ವಿರೋಧಿಸುವ ನಾವು ನಮ್ಮ ಮದುವೆ ಮನೆಗಳಲ್ಲಿ ಹುಡುಗರು ಕೋವಿ ಹಿಡಿದು ಫೋಟೋ ತೆಗೆಸಿಕೊಂಡರೆ ನಗುತ್ತಾ ನಿಲ್ಲಬಹುದೇ?

ಸಹೋದರನತ್ತ ಆಯುಧ ತೋರಿಸುವುದನ್ನು ಪ್ರವಾದಿಯವರು(ಸ) ನಿಷೇಧಿಸಿದ್ದಾರೆ. ತಮಾಷೆಗೂ ಅದರಲ್ಲಿ ವಿನಾಯಿತಿ ಇಲ್ಲ. ಒರೆಯಿಂದ ಹಿರಿದ ಖಡ್ಗವನ್ನು ಕೈಯಿಂದ ಕೈಗೆ ಕೊಡುವುದನ್ನೂ, ಮಲಗುವಾಗ ಮನೆಯಲ್ಲಿ ಬೆಂಕಿ ಉರಿಯಬಿಡುವುದನ್ನೂ ತಡೆದಿದ್ದಾರೆ. ಜುಮಾ ಖುತ್ಬಾಗಳಲ್ಲಿ ಈ ಹದೀಸ್‌ಗಳನ್ನು ಕೋವಿಯ ಹೆಸರೆತ್ತಿಯೇ ವಿವರಿಸುವಂತೆ ನಾವು ಖತೀಬರನ್ನು ಕೋರುತ್ತೇವೆ.