ಪತ್ತನಾಜೆ ಕಳೆದ ಮೇಲೆ ಪ್ರವಾಸ

ತುಳು ಪಂಚಾಂಗದ ಬೇಶ ತಿಂಗಳ ಹತ್ತನೆಯ ದಿನವೇ ಪತ್ತನಾಜೆ. ಸಾಮಾನ್ಯವಾಗಿ ಮೇ 24 ಅಥವಾ 25ರಂದು ಬರುತ್ತದೆ. ಅಂದು ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಜಾತ್ರೆ, ನೇಮ, ಕೋಲಗಳಿಗೆ ಬಿಡುವು. ಮತ್ತೆ ಊರು ಗದ್ದಲವಾಗುವುದು ದೀಪಾವಳಿ ಕಳೆದ ಮೇಲೆಯೇ. ನೈಋತ್ಯ ಮುಂಗಾರು ಕೇರಳ ಕರಾವಳಿಗೆ ತಲಪುವ ವಾಡಿಕೆಯ ದಿನ ಜೂನ್ 1. ಅಂದರೆ ಮಳೆಗೆ ಒಂದು ವಾರ ಮೊದಲೇ ಹಿರಿಯರು ಗೆರೆ ಹಾಕಿಟ್ಟಿದ್ದಾರೆ: ಬಯಲಿನಲ್ಲಿ ಜನ ಸೇರುವ ಕೆಲಸ ಇನ್ನು ಸಾಕು!

ಭೂಮಿಯ ಇನ್ನೊಂದು ಮಗ್ಗುಲಲ್ಲಿಯೂ ಇಂಥದೇ ಗೆರೆಯೊಂದಿದೆ. ಕ್ರಿಕೆಟ್ ಪ್ರಿಯರಿಗೆಲ್ಲ ಪರಿಚಿತವಾದ ವೆಸ್ಟ್ ಇಂಡೀಸ್, ಅಂದರೆ ಕೆರಿಬಿಯನ್ ಸಮುದ್ರದ ದ್ವೀಪಗಳಲ್ಲಿ ಪ್ರವಾಸಿಗಳ ಸುಗ್ಗಿ ಡಿಸೆಂಬರಿನಿಂದ ಏಪ್ರಿಲಿನವರೆಗೆ. ಅಮೆರಿಕ, ಕೆನಡಾಗಳ ಚಳಿ ತಾಳಲಾರದವರು ಆಗ ಅಲ್ಲಿಗೆ ಧಾವಿಸುತ್ತಾರೆ. ಅನಂತರ ಹೋಟೆಲುಗಳ ಬಾಡಿಗೆ ಇಳಿಯುತ್ತದೆ. ಅಟ್ಲಾಂಟಿಕ್ ಚಂಡಮಾರುತಗಳ ಕಾಲ ಜೂನ್ 1ರಿಂದ ನವೆಂಬರ್ 30ರವರೆಗೆ. ಪತ್ತನಾಜೆಯ ಬಿಡುವಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ ನೋಡಿ.

ಬಾಡಿಗೆ ಅಗ್ಗ, ಜನಸಂದಣಿ ಕಡಿಮೆ, ಕಣ್ಣಿಗೆ ತಂಪು ಹಸಿರು. ಹಾಗಿದ್ದರೆ ಇಂಥ ಕಾಲದಲ್ಲಿ ಮಕ್ಕಳನ್ನು ಕರೆದುಕೊಂಡು ಹೊರಡಬಹುದೇ? ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಹೆತ್ತವರಿಗೆ ಪ್ರತಿ ವರ್ಷ ಎದುರಾಗುವ ಪ್ರಶ್ನೆ ಇದು. ಬೇರೆ ಊರಿನ ನೆಂಟರು ಮಳೆಗಾಲದಲ್ಲಿಯೇ ಜಲಪಾತ ನೋಡಬೇಕೆಂದು ಬರುತ್ತಾರೆ. ಜಿಲ್ಲಾಧಿಕಾರಿಗಳು ಮಳೆಗಾಗಿ ಶಾಲೆಗೆ ರಜೆ ಸಾರಿದ ದಿನವೇ ಕೆಲವರು ವಾಹನ ಹೊರಡಿಸುವುದೂ ಉಂಟು.

ಎರಡು ಬಗೆಯ ಅಪಾಯ

2024ರ ಜುಲೈ ತಿಂಗಳನ್ನೇ ತೆಗೆದುಕೊಳ್ಳಿ. ಜೂನ್ 29ರಂದು ಬಾರ್ಬಡೋಸಿನ ಬ್ರಿಜ್‌ಟೌನಿನಲ್ಲಿ ಭಾರತ ತಂಡ ಟಿ-20 ವಿಶ್ವಕಪ್ ಗೆದ್ದಿತು. ತರಬೇತುದಾರರು ಕನ್ನಡಿಗ ರಾಹುಲ್ ದ್ರಾವಿಡ್. ಆದರೆ ಗೆದ್ದವರು ಕೂಡಲೇ ಊರಿಗೆ ಮರಳಲಾಗಲಿಲ್ಲ. ಬೆರಿಲ್ ಎಂಬ ಚಂಡಮಾರುತ ಬರುತ್ತಿದ್ದುದರಿಂದ ವಿಮಾನ ನಿಲ್ದಾಣ ಮುಚ್ಚಿತು. ತಂಡ ದಿಲ್ಲಿ ತಲಪಿದ್ದು ಜುಲೈ 4ರಂದು. ಬೆರಿಲ್ ಬಾರ್ಬಡೋಸಿನ ದಕ್ಷಿಣಕ್ಕೆ ಸರಿದುಹೋಗಿ, ಗ್ರೆನಡಾ ದೇಶದ ಕ್ಯಾರಿಯಕೂ ದ್ವೀಪವನ್ನು ಧ್ವಂಸ ಮಾಡಿತು. ಮುಂದೆ 5ನೇ ದರ್ಜೆಗೆ ಏರಿತು. ವರ್ಷದಲ್ಲಿ ಅಷ್ಟು ಬೇಗ ಆ ದರ್ಜೆ ಮುಟ್ಟಿದ ಅಟ್ಲಾಂಟಿಕ್ ಚಂಡಮಾರುತ ಅದಕ್ಕೆ ಮೊದಲು ದಾಖಲೆಯಲ್ಲಿರಲಿಲ್ಲ.

ಅದೇ ತಿಂಗಳ 26ರಂದು ಸಕಲೇಶಪುರ-ಸುಬ್ರಹ್ಮಣ್ಯ ರೋಡ್ ಘಾಟಿಯ ಎಡಕುಮೇರಿ ಸಮೀಪ ರೈಲು ಹಳಿಯ ಕೆಳಗಿನ ಮಣ್ಣು ಜಾರಿತು. ಸುಮಾರು 55 ಕಿ.ಮೀ. ಉದ್ದದ, 57 ಸುರಂಗಗಳಿರುವ ಈ ಹಾದಿಯಲ್ಲಿ ಎರಡು ವಾರದಷ್ಟು ಕಾಲ ರೈಲು ಓಡಲಿಲ್ಲ.

ಎರಡೂ ಕಡೆ ಕಾರಣ ಬಿಸಿ ಸಮುದ್ರದಿಂದೆದ್ದ ನೀರಾವಿ. ಆದರೆ ಅಪಾಯದ ಬಗೆ ಬೇರೆ. ಕೆರಿಬಿಯನ್‌ನಲ್ಲಿ ಜೂನಿನಿಂದ ನವೆಂಬರಿನವರೆಗಿನ ಹೆಚ್ಚಿನ ದಿನಗಳು ಚೆನ್ನಾಗಿಯೇ ಇರುತ್ತವೆ. ಒಂದೊಂದು ದ್ವೀಪಕ್ಕೆ ಚಂಡಮಾರುತ ಅಪರೂಪದ ಅತಿಥಿ. ಬಂದರೆ ಮಾತ್ರ ಸರ್ವನಾಶ. ಅದೂ ಉಪಗ್ರಹದ ಕಣ್ಣಿಗೆ ಕೆಲವು ದಿನ ಮೊದಲೇ ಬೀಳುತ್ತದೆ. ಘಟ್ಟದ ಬುಡದಲ್ಲಿ ಹಾಗಲ್ಲ. ಇಲ್ಲಿ ಮಳೆ ನಿತ್ಯದ ಅತಿಥಿ. ಅಪಾಯ ದಿನದಿಂದ ದಿನಕ್ಕೆ ಮಣ್ಣಿನೊಳಗೆ ಜಮೆಯಾಗುತ್ತಾ ಹೋಗುತ್ತದೆ. ಗುಡ್ಡ ಯಾವ ಗಳಿಗೆಯಲ್ಲಿ ಜಾರುತ್ತದೆಂದು ಯಾವ ಉಪಗ್ರಹವೂ ಹೇಳಲಾರದು.

ಗಾಳಿ, ಗುಡ್ಡ, ಮಣ್ಣು

ಒಂದು ಘನ ಮೀಟರ್ ಗಾಳಿ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. 20 ಡಿಗ್ರಿಗೆ ತಣಿದರೆ ಸುಮಾರು 17 ಗ್ರಾಂ ಮಾತ್ರ. ಅರಬ್ಬೀ ಸಮುದ್ರದ ಗಾಳಿ 1712 ಮೀಟರ್ ಎತ್ತರದ ಕುಮಾರಪರ್ವತದಂಥ ಗೋಡೆಗೆ ಬಡಿದಾಗ ಮೇಲಕ್ಕೇರಲೇಬೇಕು. ಏರಿದಂತೆ ಹಿಗ್ಗಿ ತಣಿಯುತ್ತದೆ. ಹಿಡಿದಿಡಲಾಗದ ನೀರನ್ನು ಇಳಿಸಿಬಿಡುತ್ತದೆ. ಹಾಗಾಗಿ ದಕ್ಷಿಣ ಕನ್ನಡಕ್ಕೆ ವರ್ಷಕ್ಕೆ ಸುಮಾರು 4000 ಮಿ.ಮೀ. ಮಳೆ, ಘಟ್ಟದಾಚೆಯ ಮೈಸೂರಿಗೆ ಸುಮಾರು 800 ಮಿ.ಮೀ.

ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಎಂದರೆ ಒಂದು ಲೀಟರ್ ನೀರು. 100 ಮೀಟರ್ ಉದ್ದ, 50 ಮೀಟರ್ ಅಗಲದ ಶಾಲಾ ಮೈದಾನದ ಮೇಲೆ 100 ಮಿ.ಮೀ. ಬಿದ್ದರೆ 5 ಲಕ್ಷ ಲೀಟರ್! ಹತ್ತು ಸಾವಿರ ಲೀಟರಿನ 50 ಟ್ಯಾಂಕರು. ಗುಡ್ಡದ ಮೇಲೆ ಬಿದ್ದ ಇಂಥ ನೀರಿನ ಒಂದು ಪಾಲು ಮಣ್ಣಿನ ಕಣಗಳ ನಡುವಿನ ಸಂದುಗಳನ್ನು ತುಂಬುತ್ತದೆ. ಮಣ್ಣಿನ ಭಾರ ಹೆಚ್ಚುತ್ತದೆ, ಕಣಕ್ಕೂ ಕಣಕ್ಕೂ ಇರುವ ಹಿಡಿತ ಸಡಿಲುತ್ತದೆ. ರಸ್ತೆಗೋ ಮನೆಗೋ ಬುಡ ಕಡಿದ ಗುಡ್ಡವಾದರೆ ಕೇಳುವುದೇ ಬೇಡ.

2018ರ ಆಗಸ್ಟ್‌ನಲ್ಲಿ ಸಂಪಾಜೆಯಿಂದ ಮೇಲೆ ಜೋಡುಪಾಲ, ಮದೆನಾಡಿನ ಕಡೆ ಗುಡ್ಡಗಳು ಕುಸಿದು ಮಡಿಕೇರಿ ರಸ್ತೆ ಕಡಿದುಹೋದುದು ಸುಳ್ಯದವರು ಮರೆಯುವಂಥದಲ್ಲ. 2022ರ ಆಗಸ್ಟ್ 1ರಂದು ಸುಬ್ರಹ್ಮಣ್ಯದಲ್ಲಿ ಮನೆಯ ಮೇಲೆ ಗುಡ್ಡ ಜಾರಿ ಇಬ್ಬರು ಬಾಲಕಿಯರು ತೀರಿಕೊಂಡರು. ಅವರು ಪ್ರವಾಸ ಹೊರಟವರಲ್ಲ, ಮನೆಯಲ್ಲೇ ಇದ್ದವರು. ಮನೆಯೊಳಗಿನವರಿಗೇ ಹೀಗಾದರೆ, ಅಂಥ ದಿನ ಗುರುತಿಲ್ಲದ ಗುಡ್ಡದ ಕೆಳಗೆ ವಾಹನ ನಿಲ್ಲಿಸಿ ಫೋಟೋ ತೆಗೆಯುವವರ ಪಾಡೇನು?

ಹೊಳೆ ಕೊಡುವ ಸೂಚನೆ

ಕುಕ್ಕೆಯ ಸ್ನಾನಘಟ್ಟದಲ್ಲಿ ಬಿಸಿಲಿದ್ದರೂ ಕುಮಾರಧಾರೆ ಥಟ್ಟನೆ ಏರಬಹುದು. ಏಕೆಂದರೆ ಮಳೆ ಬೀಳುತ್ತಿರುವುದು ಮೇಲಿನ ಕಾಡಿನಲ್ಲಿ. ತಿಳಿನೀರು ಕೆಂಪಾಗುವುದು, ತರಗೆಲೆ, ಕಡ್ಡಿ ತೇಲಿಬರುವುದು, ಸದ್ದು ದಪ್ಪವಾಗುವುದು ಇವೆಲ್ಲ ಹೊಳೆಯ ಸೂಚನೆಗಳು. ಆಗ ದಡ ಬಿಟ್ಟು ಮೇಲೇರಬೇಕು. ಮೊಣಕಾಲಿನವರೆಗಿನ ನೀರಲ್ಲವೇ ಎಂಬ ಧೈರ್ಯ ಸಲ್ಲದು. ನೀರಿನ ವೇಗ ಎರಡು ಪಟ್ಟಾದರೆ ಅದು ಕಾಲನ್ನು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ವೇಗ ಮೂರು ಪಟ್ಟಾದರೆ ಬಲ ಒಂಬತ್ತು ಪಟ್ಟು. ಕುಮಾರಧಾರೆ ನೇತ್ರಾವತಿಯನ್ನು ಸೇರುವ ಉಪ್ಪಿನಂಗಡಿಯಲ್ಲಿ 1974ರ ನೆರೆಯನ್ನು ಕಂಡ ಹಿರಿಯರಿಗೆ ಈ ಸೂತ್ರವನ್ನು ಯಾರೂ ಕಲಿಸಬೇಕಾಗಿಲ್ಲ.

ಹಾಗಾದರೆ ಹೋಗಲೇಬಾರದೇ?

ಹಾಗೇನಿಲ್ಲ. ಮಳೆಗಾಲವನ್ನು ನೋಡದವನು ಈ ಊರನ್ನು ಅರ್ಧ ಮಾತ್ರ ನೋಡಿದಂತೆ. ಎಲ್ಲಿಗೆ, ಯಾವ ದಿನ ಎಂಬುದಷ್ಟೇ ಮುಖ್ಯ. ಹವಾಮಾನ ಇಲಾಖೆಯ ಲೆಕ್ಕದಲ್ಲಿ 24 ಗಂಟೆಗಳಲ್ಲಿ 64.5 ಮಿ.ಮೀ. ದಾಟಿದರೆ ಭಾರೀ ಮಳೆ, 115.6 ಮುಟ್ಟಿದರೆ ಅತಿ ಭಾರೀ, 204.4 ಮೀರಿದರೆ ವಿಪರೀತ ಮಳೆ. ಹಳದಿ ಎಂದರೆ ಗಮನವಿರಲಿ, ಕಿತ್ತಳೆ ಎಂದರೆ ಸಿದ್ಧರಾಗಿರಿ. ಕೆಂಪು ಇದ್ದ ದಿನ ಮನೆಯೇ ಒಳ್ಳೆಯ ಪ್ರವಾಸಿ ತಾಣ. ಮಳೆಯ ರಜೆ ಇರುವುದು ಮಕ್ಕಳು ದಾರಿಯಲ್ಲಿರಬಾರದೆಂಬ ಕಾರಣಕ್ಕೆ. ಅದೇ ದಿನ ಅವರನ್ನು ಹೊಳೆಬದಿಗೆ ಕರೆದೊಯ್ದರೆ ರಜೆಯ ಅರ್ಥವೇ ಕೆಟ್ಟಂತೆ. ಸತತವಾಗಿ ಸುರಿದ ಮಳೆ ನಿಂತ ಮರುದಿನವೂ ಘಾಟಿ ರಸ್ತೆ ಬೇಡ. ಮಣ್ಣು ಇನ್ನೂ ನೀರು ಕುಡಿದೇ ಇರುತ್ತದೆ. ಕುಮಾರಪರ್ವತದ ಚಾರಣವನ್ನು ಅರಣ್ಯ ಇಲಾಖೆ ಮಳೆಗಾಲದಲ್ಲಿ ನಿಲ್ಲಿಸುವುದು ಸುಮ್ಮನೆ ಅಲ್ಲ.

ಮಳೆ ಇಳಿದ ದಿನಗಳಲ್ಲಿ ನೋಡಲು ಬೇಕಾದಷ್ಟಿದೆ. ಪುತ್ತೂರು ಪರ್ಲಡ್ಕದಲ್ಲಿ ಶಿವರಾಮ ಕಾರಂತರ ಬಾಲವನವಿದೆ. ಮೊಟ್ಟೆತ್ತಡ್ಕದಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯವಿದೆ. ನೆಟ್ಟಣದ ಕಿದುವಿನಲ್ಲಿ ದಕ್ಷಿಣ ಏಷ್ಯಾದ ತೆಂಗಿನ ತಳಿಗಳನ್ನು ಕಾಪಾಡುವ ತೋಟವೇ ಇದೆ. ಸಂಶೋಧನಾ ಕೇಂದ್ರಗಳಿಗೆ ಶಾಲೆಯಿಂದ ಮೊದಲೇ ಪತ್ರ ಬರೆದು ಅನುಮತಿ ಪಡೆದು ಹೋಗುವುದು ಕ್ರಮ.

ಇನ್ನೊಂದು ಮಾತು. ಪ್ರವಾಸಿಗಳಿಗೆ ಬಿಡುವಿನ ಕಾಲವಾದರೂ ಕೃಷಿಕರಿಗೆ ಬಿಡುವಿಲ್ಲ. ಕೊಳೆರೋಗ ಬಾರದಂತೆ ಅಡಕೆಗೆ ಮೈಲುತುತ್ತು, ಸುಣ್ಣದ ಮದ್ದು ಬಿಡಲು ಮಳೆ ಹೊಳವಾಗುವುದನ್ನೇ ಅವರು ಕಾಯುತ್ತಿರುತ್ತಾರೆ. ಆ ಹೊತ್ತಿಗೆ ತೋಟಕ್ಕೆ ಹೋದ ಹುಡುಗನಿಗೆ ಶಿಲೀಂಧ್ರ, ತಾಮ್ರದ ಲವಣ, ಗಾಳಿಯ ತೇವಾಂಶ ಇವೆಲ್ಲವೂ ಒಂದೇ ಪಾಠದಲ್ಲಿ ಸಿಗುತ್ತವೆ. ಸಂಜೆ ಮನೆಯಲ್ಲಿ ಪತ್ರೊಡೆ ಇದ್ದರೆ, ಕೆಸುವಿನ ಎಲೆಗೆ ಹುಣಸೆಹುಳಿ ಏಕೆ ಬೇಕೆಂದು ಅಜ್ಜಿಯನ್ನು ಕೇಳಿದರಾಯಿತು.

ಮಾಡಿ ನೋಡಿ

ನೇರ ಬದಿಯ, ಚಪ್ಪಟೆ ತಳದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಮರ, ಮಾಡುಗಳಿಂದ ದೂರ ಅಂಗಳದಲ್ಲಿ ಅಲುಗದಂತೆ ಇಡಿ. ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಿಂದ ನೀರಿನ ಎತ್ತರವನ್ನು ಮಿಲಿಮೀಟರಿನಲ್ಲಿ ಅಳೆದು, ಬರೆದು, ಚೆಲ್ಲಿ. ಹವಾಮಾನ ಇಲಾಖೆಯೂ ದಿನದ ಮಳೆಯನ್ನು ಲೆಕ್ಕ ಹಾಕುವುದು ಅದೇ ಹೊತ್ತಿಗೆ. ಜೊತೆಗೆ ಹಿಂದಿನ ಮೂರು ದಿನಗಳ ಮೊತ್ತವನ್ನೂ ಪಕ್ಕದಲ್ಲಿ ಬರೆಯಿರಿ. ಭಾನುವಾರ ಎಲ್ಲಿಗೆ ಹೋಗುವುದೆಂಬ ಮಾತು ಮನೆಯಲ್ಲಿ ಬಂದಾಗ ಆ ಪುಸ್ತಕವನ್ನು ದೊಡ್ಡವರ ಮುಂದಿಡಿ.