ಚಳಿಗಾಲದ ಮಂಜು, ಒಂಬತ್ತರ ಗೇಟು



ನಮ್ಮ ವಯನಾಡಿನ ಊರುಗಳಲ್ಲಿ ಚಳಿಗೆ ನಲ್ಲಿಯ ನೀರು ಹೆಪ್ಪುಗಟ್ಟುವುದಿಲ್ಲ. ಡಿಸೆಂಬರ್, ಜನವರಿಯಲ್ಲಿ ನಾವು ಹೆದರಬೇಕಾದದ್ದು ಕಾಡಿನ ದಾರಿಯ ಮಂಜಿಗೆ ಮತ್ತು ರಾತ್ರಿ ಒಂಬತ್ತಕ್ಕೆ ಮುಚ್ಚುವ ಗೇಟಿಗೆ.

ಬಂಡೀಪುರದೊಳಗೆ ಹಾದುಹೋಗುವ ಗುಂಡ್ಲುಪೇಟೆ–ಸುಲ್ತಾನ್ ಬತ್ತೇರಿ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗಿನ ಸಂಚಾರ ನಿಷೇಧ 2009ರಲ್ಲಿ ಜಾರಿಗೆ ಬಂತು. 2010ರಲ್ಲಿ ಕರ್ನಾಟಕ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. 2019ರಲ್ಲಿ ಬತ್ತೇರಿಯಲ್ಲಿ ಇದರ ವಿರುದ್ಧ ಉಪವಾಸವೂ ನಡೆಯಿತು. ನಿಷೇಧ ಬೇಕೇ ಬೇಡವೇ ಎಂಬುದರಲ್ಲಿ ನಮ್ಮ ಸದಸ್ಯರಲ್ಲೇ ಎರಡು ಅಭಿಪ್ರಾಯಗಳಿವೆ. ಕಾಡಿನ ಪ್ರಾಣಿಗಳಿಗೆ ರಾತ್ರಿಯ ನೆಮ್ಮದಿ ಬೇಕು ಎಂಬುದು ನಿಜ, ಆಸ್ಪತ್ರೆಗೂ ಸಂತೆಗೂ ಓಡಾಡುವವರ ಕಷ್ಟವೂ ನಿಜ. ಆದರೆ ಈ ಚರ್ಚೆಯಲ್ಲಿ ಒಂದು ಮಾತು ಬಿಟ್ಟುಹೋಗುತ್ತಿದೆ: ಗೇಟು ತಪ್ಪೀತೆಂದು ಎಂಟು ಗಂಟೆಯ ಮೇಲೆ ಮಂಜಿನಲ್ಲಿ ಕಾರು ಓಡಿಸುವವರ ಅವಸರ. ಆನೆ ರಸ್ತೆ ದಾಟುವ ಹೊತ್ತೂ ಅದೇ.

ಆದ್ದರಿಂದ ಮೈಸೂರಿನಿಂದ ಹಿಂದಿರುಗುವವರು ಸಂಜೆ ಐದಕ್ಕೆ ಮೊದಲೇ ಹೊರಡಿ. ತಡವಾದರೆ ಗುಂಡ್ಲುಪೇಟೆಯಲ್ಲೇ ಉಳಿಯಿರಿ. ಮಾನಂದವಾಡಿ ಕಡೆಯವರಿಗೆ ಹುಣಸೂರು–ಗೋಣಿಕೊಪ್ಪ–ಕುಟ್ಟ ದಾರಿ ಸುತ್ತಾದರೂ ಇದೆ. ಬಾವಲಿ ದಾರಿಯ ಗೇಟು ಸಂಜೆ ಆರಕ್ಕೇ ಮುಚ್ಚುತ್ತದೆ, ಮರೆಯಬೇಡಿ.

ಕಾರಿನ ಬ್ಯಾಟರಿ ಮೂರು ವರ್ಷ ದಾಟಿದ್ದರೆ ಪರೀಕ್ಷೆ ಮಾಡಿಸಿ. ವೈಪರ್ ರಬ್ಬರ್, ಟೈರಿನ ಗಾಳಿ, ದೀಪಗಳನ್ನು ನೋಡಿಕೊಳ್ಳಿ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಬೆಳಕು ನಮ್ಮ ಕಣ್ಣಿಗೇ ತಿರುಗಿ ಹೊಡೆಯುತ್ತದೆ. ಡಿಮ್ ದೀಪವೇ ಸರಿ. ಗಾಜಿನ ಒಳಗೆ ಆವಿ ಕಟ್ಟಿದರೆ ಎಸಿ ಹಾಕಿ. ಕಾಡು ಸೇರುವ ಮುಂಚೆಯೇ ಪೆಟ್ರೋಲ್ ತುಂಬಿಸಿಕೊಳ್ಳಿ. ನಡುವೆ ಗಾಡಿ ನಿಲ್ಲಿಸಬೇಡಿ.

ಮನೆಯಲ್ಲೂ ಒಂದು ಎಚ್ಚರಿಕೆ. ಕಾಫಿ ಕೊಯ್ಲಿಗೆ ಗಡಿಯಾಚೆಯಿಂದ ಬರುವ ಕೂಲಿಯವರು ಲೈನ್ ಮನೆಗಳಲ್ಲಿ ಮಲಗುತ್ತಾರೆ. ಕಿಟಕಿ ಬಾಗಿಲು ಮುಚ್ಚಿ ಒಳಗೆ ಅಗ್ಗಿಷ್ಟಿಕೆ ಇಡುವುದು ಪ್ರಾಣಕ್ಕೇ ಅಪಾಯ. ಕೆಂಡದಿಂದ ಏಳುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರಿಗೆ ತಿಳಿಯುವುದೇ ಇಲ್ಲ. ತೋಟವಿರುವ ಸದಸ್ಯರು ಅವರಿಗೆ ಈ ಮಾತು ತಿಳಿಸಿ, ಕಂಬಳಿಯನ್ನೂ ಕೊಡಿ.

ಕೊನೆಯದಾಗಿ ನಮ್ಮದೇ ತಪ್ಪು. ಸನ್ಮಾನ, ವಂದನಾರ್ಪಣೆ ಎಂದು ಸಭೆಯನ್ನು ಎಳೆದು, ದೂರದವರನ್ನು ಕತ್ತಲಲ್ಲಿ ಕಳುಹಿಸಿದ್ದೇವೆ. ಜನವರಿ ಮುಗಿಯುವವರೆಗೆ ಎಲ್ಲ ಕಾರ್ಯಕ್ರಮಗಳೂ ಬೆಳಿಗ್ಗೆ ಹತ್ತಕ್ಕೆ ಆರಂಭವಾಗಿ, ಊಟದೊಂದಿಗೆ ಎರಡಕ್ಕೆ ಮುಗಿಯುತ್ತವೆ. ಭಾಷಣಕಾರರು ದಯವಿಟ್ಟು ಸಹಕರಿಸಬೇಕು.

– ಕಾರ್ಯದರ್ಶಿ