ಶಾಲು ಬೇಡ, ಸರದಿ ಬೇಕು

ಗುಡಿಗೆ ಗಂಟೆ ಕೊಟ್ಟವರ ಹೆಸರು ಗಂಟೆಯ ಮೇಲಿರುತ್ತದೆ. ಶಾಲೆಗೆ ಫ್ಯಾನು ಕೊಟ್ಟವರ ಹೆಸರು ಅದರ ರೆಕ್ಕೆಯ ಮೇಲಿರುತ್ತದೆ. ಆದರೆ ನಡುರಾತ್ರಿ ಏಟು ತಿಂದು ಬಂದ ನೆರೆಮನೆಯ ಸೊಸೆಗೆ ಬಾಗಿಲು ತೆರೆದವಳ ಹೆಸರನ್ನು ನಾವು ಎಲ್ಲಿ ಬರೆದಿದ್ದೇವೆ? ಮರುದಿನ ಕೂಲಿ ಬಿಟ್ಟು, ನವಲಗುಂದದ ಬಸ್ಸು ಹತ್ತಿಸಿ, ಆಸ್ಪತ್ರೆಗೂ ಠಾಣೆಗೂ ಜೊತೆಯಾಗಿ ಹೋಗುವವಳೂ ಅವಳೇ. ಊರು ಅವಳಿಗೆ ಕೊಡುವ ಬಿರುದು ಮಾತ್ರ 'ಮನೆಮುರುಕಿ'!

ಯಮನೂರಿನಂಥ ಊರಲ್ಲಿ ಈ ಕೆಲಸ ಸಣ್ಣದಲ್ಲ. ಚಾಂಗದೇವ ಎಂದೂ ರಾಜಾಬಾಗಸವಾರ ಎಂದೂ ಕರೆದು ಹಿಂದೂ, ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಕ್ಷೇತ್ರವಿದು. 2016ರ ಜುಲೈನಲ್ಲಿ, ಮಹದಾಯಿ ಹೋರಾಟದ ವೇಳೆ, ಪೊಲೀಸರು ಇಲ್ಲಿನ ಮನೆಗಳಿಗೆ ನುಗ್ಗಿ ಹೆಂಗಸರು, ಮುದುಕರೆನ್ನದೆ ಲಾಠಿ ಬೀಸಿದ್ದನ್ನು ನಾಡೇ ಕಂಡಿತು. ಅಂಥ ಊರಿನ ಹೆಣ್ಣುಮಗಳು ಇನ್ನೊಬ್ಬಳ ಸಲುವಾಗಿ ಠಾಣೆಯ ಮೆಟ್ಟಿಲು ಹತ್ತಬೇಕಾದರೆ ಎಷ್ಟು ಎದೆಗಾರಿಕೆ ಬೇಕು!

ಕಾನೂನು ಅವಳ ಬೆನ್ನಿಗಿದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ 4ನೇ ಕಲಮಿನ ಪ್ರಕಾರ, ಹಿಂಸೆ ನಡೆದಿದೆ ಅಥವಾ ನಡೆಯಬಹುದೆಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಹೊರಿಸುವಂತಿಲ್ಲ. 181ಕ್ಕೆ ಫೋನು ಮಾಡಬಹುದು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ, ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ವಕೀಲರ ನೆರವಿದೆ.

ಆದರೆ ಕಾನೂನು ಅವಳ ಒಂದು ದಿನದ ಕೂಲಿ ಕೊಡುವುದಿಲ್ಲ, ಓಣಿಯ ಬಾಯಿ ಮುಚ್ಚಿಸುವುದಿಲ್ಲ. ಅದು ಸಂಘದ ಕೆಲಸ.

ಸೇವೆಗೆ ಬೆಲೆ ಕಟ್ಟಬಾರದು ಎನ್ನುವವರಿದ್ದಾರೆ. ಹೆಣ್ಣಿನ ದುಡಿಮೆಗೆ ಬೆಲೆ ಕಟ್ಟದೆ ಅದನ್ನು ಧರ್ಮವೆಂದು ಕರೆದದ್ದು ಸಾಲದೆ? ವರ್ಷಕ್ಕೊಮ್ಮೆ ಮಹಿಳಾ ದಿನದಂದು ಶಾಲು ಹೊದಿಸಿ, ಉಳಿದ ದಿನ ಎಲ್ಲ ಭಾರವನ್ನೂ ಅವಳ ತಲೆಗೇ ಕಟ್ಟುವುದು ಗೌರವವಲ್ಲ.

ಗೆಳತಿಯರೇ, ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಇದನ್ನು ಚರ್ಚಿಸಿ. ಅವಳು ಒಪ್ಪಿದರೆ ಅವಳ ಕೆಲಸವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ. ನೊಂದವಳ ಹೆಸರು ಮಾತ್ರ ಬೇಡ. ಬಸ್ಸಿನ ಖರ್ಚು, ಬಿಟ್ಟ ಕೂಲಿ ಸಂಘದ ಹಣದಿಂದ ಹೋಗಲಿ, ಸಾಲವೆಂದಲ್ಲ. ಅವಳನ್ನು ಒಬ್ಬಳನ್ನೇ ಕಳಿಸಬೇಡಿ, ಸರದಿ ಹಚ್ಚಿಕೊಳ್ಳಿ. ಯಾರಾದರೂ ಅವಳ ಮನೆ ಮುಂದೆ ಬೈಯಲು ಬಂದರೆ ಹತ್ತು ಮಂದಿ ಹೋಗಿ ನಿಲ್ಲಿರಿ.

ಒಬ್ಬಳೇ ನಿಂತರೆ ಮನೆಮುರುಕಿ ಎನ್ನುವ ಊರು, ಹತ್ತು ಮಂದಿ ನಿಂತರೆ ಸಂಘ ಎನ್ನುತ್ತದೆ.